ಹನ್ನೊಂದು ಅಕ್ಷರದ ಮೆಸೇಜನ್ನು ‘ಉದ್ದ ಜಾಸ್ತಿ’ ಅಂತ ಗಿಟ್ ವಾಪಸ್ ಕಳಿಸುತ್ತಿದೆ, ಏನು ಮಾಡಲಿ?

ಪ್ರಶ್ನೆ: ತುಮಕೂರಿನಲ್ಲಿ ನಮ್ಮದು ಏಳು ಜನರ ಸಣ್ಣ ತಂಡ. ತಿಪಟೂರು ಕಡೆಯ ಕೊಬ್ಬರಿ ವರ್ತಕರಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಲಾಗ್ (ಬದಲಾವಣೆಗಳ ಪಟ್ಟಿ) ತೆಗೆದರೆ ಬರೀ ‘ಫಿಕ್ಸ್’, ‘ಫೈನಲ್’, ‘ಫೈನಲ್ 2’, ‘ಈಗ ಸರಿ ಇದೆ’. ಬೇಸತ್ತು ಕಮಿಟ್ ಮೆಸೇಜ್ (ಪ್ರತಿ ಬದಲಾವಣೆ ಉಳಿಸುವಾಗ ಬರೆಯುವ ಟಿಪ್ಪಣಿ) ತಪಾಸಣೆಗೆ ಒಂದು ಹುಕ್, ಅಂದರೆ ಗಿಟ್ ತಾನಾಗಿ ಓಡಿಸುವ ಪುಟ್ಟ ಸ್ಕ್ರಿಪ್ಟ್, ಬರೆದು ಎಲ್ಲರಿಗೂ ಕೊಟ್ಟೆ. ಮೊದಲ ಸಾಲು 50 ಅಕ್ಷರ ದಾಟಬಾರದು, ಎರಡನೇ ಸಾಲು ಖಾಲಿ ಇರಬೇಕು, ಅಷ್ಟೇ ನಿಯಮ. ಆದರೆ ‘ಕೊಬ್ಬರಿ ದರ ಸರಿಪಡಿಸಿದೆ’ ಅನ್ನುವ ಪುಟ್ಟ ಮೆಸೇಜನ್ನೇ ಒಬ್ಬರ ಉಬುಂಟು ಲ್ಯಾಪ್‌ಟಾಪ್ ತಿರಸ್ಕರಿಸುತ್ತದೆ. ನನ್ನ ವಿಂಡೋಸ್‌ನಲ್ಲಿ ಅದೇ ಮೆಸೇಜ್ ಪಾಸ್. ಇನ್ನಿಬ್ಬರ ಲ್ಯಾಪ್‌ಟಾಪ್‌ನಲ್ಲಿ ಹುಕ್ ಓಡುವುದೇ ಇಲ್ಲ. ಒಬ್ಬ ಹುಡುಗ ಅರ್ಧ ಪುಟ ವಿವರಣೆ ಬರೆದಿದ್ದನಂತೆ, ಹುಕ್ ಬೇಡ ಅಂದಿತು, ಬರೆದಿದ್ದೆಲ್ಲ ಹೋಯಿತು. ಅವತ್ತಿನಿಂದ ಅವನು ಹುಕ್ ತಪ್ಪಿಸುವ ನೋ-ವೆರಿಫೈ ಆಯ್ಕೆ ಹಾಕಿಯೇ ಕಮಿಟ್ ಮಾಡುತ್ತಾನೆ. ಬೆಂಗಳೂರಿನ ಗೆಳೆಯರೊಬ್ಬರು ‘ಹಳೆಯ ಮೆಸೇಜ್‌ಗಳನ್ನೆಲ್ಲ ತಿದ್ದಿ, ಕನ್ವೆನ್ಷನಲ್ ಕಮಿಟ್ಸ್ ಪದ್ಧತಿಗೆ ಬನ್ನಿ’ ಅನ್ನುತ್ತಾರೆ. ಮೆಸೇಜಿನ ಶುರುವಿಗೇ ಬದಲಾವಣೆಯ ಬಗೆ ಬರೆಯುವ ಪದ್ಧತಿಯಂತೆ ಅದು. ಇಷ್ಟು ಸಣ್ಣ ತಂಡಕ್ಕೆ ಈ ತಪಾಸಣೆ ಬೇಕಾ? ಬೇಕಾದರೆ ಎಲ್ಲಿ ಇಡಬೇಕು, ಏನನ್ನು ನೋಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ತೊಂದರೆಗಳಿವೆ. ಒಂದೊಂದಕ್ಕೂ ಕಾರಣ ಬೇರೆ. ಎಲ್ಲವೂ ಒಂದೇ ವಾರ ಬಂದಿದ್ದರಿಂದ ‘ಈ ತಪಾಸಣೆಯೇ ದಂಡ’ ಅಂತ ನಿಮ್ಮ ಹುಡುಗರಿಗೆ ಅನ್ನಿಸಿದೆ. ನಿಮಗೂ ಸ್ವಲ್ಪ ಹಾಗೇ ಅನ್ನಿಸಿರಬೇಕು. ತಪಾಸಣೆ ಬೇಕು. ಆದರೆ ನೀವು ಇಟ್ಟ ಜಾಗ ಮತ್ತು ಎಣಿಸಿದ ರೀತಿ, ಎರಡೂ ತಪ್ಪಿವೆ.

ಕನ್ನಡ ಮೆಸೇಜ್ ವಿಷಯದಿಂದ ಶುರು ಮಾಡೋಣ. ಅದರಲ್ಲಿ ನಿಮ್ಮ ಹುಡುಗರ ತಪ್ಪು ಏನೂ ಇಲ್ಲ, ಪೂರ್ತಿ ತಪ್ಪು ಸ್ಕ್ರಿಪ್ಟಿನದು.

‘ಕೊಬ್ಬರಿ ದರ ಸರಿಪಡಿಸಿದೆ’ ಎಣಿಸಿ ನೋಡಿ. ಕೊ, ಬ್ಬ, ರಿ ಮೂರು. ದ, ರ ಎರಡು. ಸ, ರಿ, ಪ, ಡಿ, ಸಿ, ದೆ ಆರು. ಒಟ್ಟು ಹನ್ನೊಂದು ಅಕ್ಷರ, ಮಧ್ಯೆ ಎರಡು ಖಾಲಿ ಜಾಗ. ನಮ್ಮ ಕಣ್ಣಿಗೆ ಇದು 13. ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರ್‌ನಲ್ಲಿ ಸಂಕೇತ ಕೊಡುವ ಯೂನಿಕೋಡ್‌ನ ಲೆಕ್ಕವೇ ಬೇರೆ. ಅಲ್ಲಿ ‘ಕೊ’ ಅಂದರೆ ಕ ಒಂದು, ಒ-ಸ್ವರದ ಚಿಹ್ನೆ ಇನ್ನೊಂದು. ‘ಬ್ಬ’ ಅಂದರೆ ಬ, ಹಲಂತ, ಮತ್ತೆ ಬ, ಹೀಗೆ ಮೂರು. ಆ ಲೆಕ್ಕದಲ್ಲಿ ಇಡೀ ಸಾಲು 21. ಇನ್ನು ಫೈಲಿನಲ್ಲಿ ಕೂರುವಾಗ ಯುಟಿಎಫ್-8 ಅನ್ನುವ ಕ್ರಮದ ಪ್ರಕಾರ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಹತ್ತೊಂಬತ್ತು ಕನ್ನಡ ಸಂಕೇತಕ್ಕೆ 57, ಎರಡು ಖಾಲಿ ಜಾಗಕ್ಕೆ 2, ಒಟ್ಟು 59 ಬೈಟ್. ನಿಮ್ಮ ಮಿತಿ 50. ಬೈಟ್ ಎಣಿಸುವ ಸ್ಕ್ರಿಪ್ಟ್‌ಗೆ ನಿಮ್ಮ ಹನ್ನೊಂದು ಅಕ್ಷರ ಉದ್ದವಾಗಿ ಕಂಡಿದ್ದು ಹೀಗೆ. ಅದರ ಪ್ರಕಾರ ಕನ್ನಡದಲ್ಲಿ ಬರೆಯುವವರಿಗೆ ಸಿಗುವುದು ಹದಿನಾರು ಸಂಕೇತ ಮಾತ್ರ. ಅಷ್ಟರಲ್ಲಿ ‘ಕೊಬ್ಬರಿ’ ಅಂದು ಮುಗಿಸುವಷ್ಟರಲ್ಲೇ ಏಳು ಖರ್ಚಾಗಿರುತ್ತದೆ.

ಹಾಗಾದರೆ ನಿಮ್ಮ ವಿಂಡೋಸ್‌ನಲ್ಲಿ ಪಾಸ್ ಆಗಿದ್ದು ಹೇಗೆ? ಸ್ಕ್ರಿಪ್ಟನ್ನು ನೀವು ಶೆಲ್‌ನಲ್ಲಿ (ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ) ಬರೆದಿರುವ ಹಾಗಿದೆ. ವಿಂಡೋಸ್ ಗಿಟ್‌ನಲ್ಲಿ ‘ಎಸ್‌ಎಚ್’ ಅಂತ ಕರೆದರೆ ಓಡುವ ಶೆಲ್ ಬ್ಯಾಶ್. ಭಾಷಾ ಸೆಟಿಂಗ್ ಯುಟಿಎಫ್-8 ಇದ್ದರೆ ಅದು ಸಂಕೇತಗಳನ್ನು ಎಣಿಸುತ್ತದೆ, ಹಾಗಾಗಿ 21. ಉಬುಂಟುವಿನಲ್ಲಿ ಅದೇ ‘ಎಸ್‌ಎಚ್’ ಹೆಸರಿನಿಂದ ಕರೆದರೆ ಬರುವುದು ಡ್ಯಾಶ್ ಅನ್ನುವ ಬೇರೆ ಶೆಲ್. ಅದು ಬಹಳ ಕಾಲದಿಂದ ಬೈಟ್‌ಗಳನ್ನೇ ಎಣಿಸಿಕೊಂಡು ಬಂದಿದೆ, ಹಾಗಾಗಿ 59. ಸ್ಕ್ರಿಪ್ಟ್ ಒಂದೇ, ಮೆಸೇಜ್ ಒಂದೇ, ಉತ್ತರ ಎರಡು. ‘ನನ್ನ ಮಷಿನ್‌ನಲ್ಲಿ ಸರಿ ಇದೆಯಲ್ಲ’ ಅಂತ ನೀವು ಅಂದಿರುತ್ತೀರಿ. ಪಾಪ, ಆ ಉಬುಂಟುವಿನವರು ಸುಮ್ನೆ ಬೈಸಿಕೊಂಡಿರುತ್ತಾರೆ.

ಪರಿಹಾರ ಸುಲಭ. ಎಣಿಕೆಯನ್ನು ಶೆಲ್‌ಗೆ ಬಿಡಬೇಡಿ. ಪೈಥಾನ್‌ನಲ್ಲಿ ಹತ್ತು ಸಾಲು ಬರೆದರೆ ಮುಗಿಯಿತು. ಆದರೆ ಮೆಸೇಜ್ ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಕೈಯಾರೆ ಬರೆಯಿರಿ. ಬರೆಯದಿದ್ದರೆ ವಿಂಡೋಸ್‌ನಲ್ಲಿ ಪೈಥಾನ್ ಸಾಮಾನ್ಯವಾಗಿ ಹಳೆಯ ಇಂಗ್ಲಿಷ್ ಕೋಡ್‌ಪೇಜ್ (ಯಾವ ಬೈಟ್‌ಗೆ ಯಾವ ಅಕ್ಷರ ಅನ್ನುವ ಪಟ್ಟಿ) ಹಿಡಿದು ಓದಲು ಹೋಗುತ್ತದೆ. ಹಲಂತದ ಮೂರು ಬೈಟ್‌ನಲ್ಲಿ ಕೊನೆಯದಕ್ಕೆ ಆ ಪಟ್ಟಿಯಲ್ಲಿ ಅರ್ಥವೇ ಇಲ್ಲ. ಒತ್ತಕ್ಷರ ಕಂಡ ಕೂಡಲೇ ಎರರ್ ಬೀಳುತ್ತದೆ. ಆಮೇಲೆ ನಿಮ್ಮ ಲ್ಯಾಪ್‌ಟಾಪ್ ತಿರಸ್ಕರಿಸುತ್ತದೆ, ಅವರದು ಪಾಸ್ ಮಾಡುತ್ತದೆ! ನಾನು ಇದನ್ನು ಒಮ್ಮೆ ಅನುಭವಿಸಿದ್ದೇನೆ, ಅದಕ್ಕೇ ಹೇಳಿದೆ.

ಇನ್ನು ಈ 50 ಎಲ್ಲಿಂದ ಬಂತು? ಇದು ಗಿಟ್‌ನ ನಿಯಮ ಅಂತ ಬಹಳ ಜನ ನಂಬಿದ್ದಾರೆ. ಅಲ್ಲ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ಶುರು ಮಾಡಿದ್ದು ಲಿನಕ್ಸ್ ಕರ್ನಲ್ ಕೆಲಸಕ್ಕೆ. ಅಲ್ಲಿ ಬದಲಾವಣೆಗಳು ಈಮೇಲ್‌ನಲ್ಲಿ ಓಡಾಡುತ್ತವೆ. ಕಮಿಟ್‌ನ ಮೊದಲ ಸಾಲೇ ಈಮೇಲ್‌ನ ಸಬ್ಜೆಕ್ಟ್ ಆಗುತ್ತದೆ. ಹಾಗಾಗಿ ಅದು ಚಿಕ್ಕದಿರಲಿ ಅನ್ನುವ ರೂಢಿ. ಗಿಟ್‌ನ ಕೈಪಿಡಿ ಕೂಡ 50ರೊಳಗೆ ಬರೆದರೆ ಒಳ್ಳೆಯದು ಅನ್ನುತ್ತದೆ, ಅದು ಸಲಹೆ ಮಾತ್ರ. 2008ರಲ್ಲಿ ಟಿಮ್ ಪೋಪ್ ಅನ್ನುವ ಪ್ರೋಗ್ರಾಮರ್ ಬರೆದ ಪುಟ್ಟ ಲೇಖನದಿಂದ ‘ಮೊದಲ ಸಾಲಿಗೆ 50, ಒಳಗಿನ ಸಾಲುಗಳಿಗೆ 72’ ಅನ್ನುವುದು ಎಲ್ಲರ ಬಾಯಲ್ಲಿ ನಿಂತಿತು. ಗಿಟ್ ತಾನಾಗಿ ತಡೆಯುವುದು ಒಂದನ್ನೇ: ಖಾಲಿ ಮೆಸೇಜ್. ಮಿಕ್ಕಿದ್ದೆಲ್ಲ ನಾವು ಹಾಕಿಕೊಂಡ ಬೇಲಿ. ಆ ಅಂಕಿಗಳೂ ಇಂಗ್ಲಿಷ್ ಅಕ್ಷರದ ಲೆಕ್ಕಕ್ಕೆ ಹುಟ್ಟಿದವು. ಕನ್ನಡ ಬೆರೆಸಿ ಬರೆಯುವ ತಂಡ ಸಂಕೇತಗಳ ಲೆಕ್ಕದಲ್ಲಿ 72 ಇಟ್ಟುಕೊಳ್ಳಲಿ, ಗಿಟ್ ಕೋಡ್ ಇಡುವ ಜಾಲತಾಣ ಗಿಟ್‌ಹಬ್ ಕೂಡ ಮೊದಲ ಸಾಲನ್ನು ಮೊಟಕು ಮಾಡುವುದು 72ರ ಆಚೆಗೇ.

ನಿಮ್ಮ ಎರಡನೇ ನಿಯಮ, ಖಾಲಿ ಸಾಲು, ಅದು ಮಾತ್ರ ಬಂಗಾರದಂಥದ್ದು. ಅದನ್ನು ಬಿಡಬೇಡಿ. ಮೊದಲ ಖಾಲಿ ಸಾಲು ಸಿಗುವ ತನಕ ಗಿಟ್ ಎಲ್ಲವನ್ನೂ ಶೀರ್ಷಿಕೆ ಅಂತಲೇ ತಿಳಿಯುತ್ತದೆ. ಖಾಲಿ ಸಾಲು ಬಿಡದೆ ಆರು ಸಾಲು ಬರೆದರೆ ಚಿಕ್ಕ ಲಾಗ್‌ನಲ್ಲಿ ಆರೂ ಸಾಲು ಅಂಟಿಕೊಂಡು ರೈಲಿನ ಹಾಗೆ ಬರುತ್ತವೆ.

ಹುಡುಗನ ಅರ್ಧ ಪುಟದ ವಿಷಯ. ಅದು ಹೋಗಿರಲಿಲ್ಲ. ಕಮಿಟ್ ಮಾಡುವಾಗ ಗಿಟ್ ಮೆಸೇಜನ್ನು ಡಾಟ್-ಗಿಟ್ ಫೋಲ್ಡರಿನಲ್ಲಿ ‘ಕಮಿಟ್ ಎಡಿಟ್‌ಮೆಸೇಜ್’ (COMMIT_EDITMSG) ಅನ್ನುವ ಫೈಲಿನಲ್ಲಿ ಇಡುತ್ತದೆ. ಹುಕ್ ಕೈಗೆ ಸಿಗುವುದೂ ಆ ಫೈಲಿನ ವಿಳಾಸವೇ. ಹುಕ್ ಸೊನ್ನೆ ಬಿಟ್ಟು ಬೇರೆ ಅಂಕಿ ವಾಪಸ್ ಕೊಟ್ಟರೆ ಕಮಿಟ್ ನಿಲ್ಲುತ್ತದೆ, ಫೈಲ್ ಹಾಗೇ ಇರುತ್ತದೆ. ಮುಂದಿನ ಕಮಿಟ್‌ಗೆ ಕೈ ಹಾಕುವ ಮುಂಚೆ ಅದನ್ನು ತೆರೆದಿದ್ದರೆ ಪೂರ್ತಿ ಸಿಗುತ್ತಿತ್ತು. ಅವನು ಸಿಟ್ಟಿನಲ್ಲಿ ಮತ್ತೆ ಕಮಿಟ್ ಹೊಡೆದ, ಹೊಸದು ಹಳೆಯದರ ಮೇಲೆ ಕೂತಿತು. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ ಅಲ್ವಾ? ಹೇಳಬೇಕಾದ್ದು ಹುಕ್. ಈಗ ನಿಮ್ಮದು ‘ಎರರ್: ಇನ್‌ವ್ಯಾಲಿಡ್ ಮೆಸೇಜ್’ ಅಂತಷ್ಟೇ ಅನ್ನುತ್ತಿರಬಹುದು. ಅದರ ಬದಲು ಹೀಗೆ ಹೇಳಲಿ: ‘ಮೊದಲ ಸಾಲು 84 ಇದೆ, 72ಕ್ಕೆ ಇಳಿಸಿ. ನೀವು ಬರೆದಿದ್ದು ಎಲ್ಲೂ ಹೋಗಿಲ್ಲ, ಈ ಕಮಾಂಡ್ ಕೊಟ್ಟರೆ ಅದೇ ಮೆಸೇಜ್ ಎಡಿಟರ್‌ನಲ್ಲಿ ತೆರೆಯುತ್ತದೆ.’ ಕೆಳಗೆ ಕಾಪಿ ಮಾಡಿಕೊಳ್ಳುವ ಹಾಗೆ ಆ ಕಮಾಂಡ್ ಇರಲಿ. ನನ್ನ ಅನುಭವದಲ್ಲಿ ಹುಕ್ ಮೇಲಿನ ಅರ್ಧ ಸಿಟ್ಟು ಈ ಮೂರು ಸಾಲಿನಲ್ಲೇ ಇಳಿಯುತ್ತದೆ. ಕನ್ನಡದಲ್ಲೇ ಬರೆಯಬಹುದು, ಆದರೆ ಕೆಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಚೆದುರಿ ಕಾಣುತ್ತದೆ. ಮೊದಲು ಎಲ್ಲರ ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

ಹುಕ್ ಓಡದೇ ಇರುವ ಎರಡು ಲ್ಯಾಪ್‌ಟಾಪ್‌ಗೆ ಬರೋಣ. ರಿಪೊ ಅಂದರೆ ಕೋಡ್ ಮತ್ತು ಅದರ ಇತಿಹಾಸ ಇರುವ ಜಾಗ, ಅದರ ಪ್ರತಿ ಇಳಿಸಿಕೊಳ್ಳುವುದು ಕ್ಲೋನ್. ಗಿಟ್ ಹುಕ್‌ಗಳು ರಿಪೊ ಜೊತೆ ಕ್ಲೋನ್ ಆಗುವುದಿಲ್ಲ. ಇದು ದೋಷ ಅಲ್ಲ, ಬೇಕಂತಲೇ ಹಾಗೆ ಮಾಡಿದ್ದು. ಆಗುತ್ತಿದ್ದರೆ ಯಾರದೋ ರಿಪೊ ಕ್ಲೋನ್ ಮಾಡಿದ ಕೂಡಲೇ ಅವರು ಬರೆದ ಸ್ಕ್ರಿಪ್ಟ್ ನಮ್ಮ ಮಷಿನ್‌ನಲ್ಲಿ ಓಡುತ್ತಿತ್ತು. ಹಾಗಾಗಿ ಮಷಿನ್ ಬದಲಾಯಿಸಿದವರು, ಹೊಸದಾಗಿ ಕ್ಲೋನ್ ಮಾಡಿದವರು ಹುಕ್ ಇಲ್ಲದೆಯೇ ಕೆಲಸ ಮಾಡುತ್ತಿರುತ್ತಾರೆ. ಇನ್ನೊಂದು ಸಾಧ್ಯತೆ, ಫೈಲಿನ ಹೆಸರು. ಹುಕ್ಸ್ ಫೋಲ್ಡರಿನಲ್ಲಿ ಗಿಟ್ ಮೊದಲೇ ಕೆಲವು ಮಾದರಿ ಫೈಲ್ ಇಟ್ಟಿರುತ್ತದೆ, ಹೆಸರಿನ ಕೊನೆಯಲ್ಲಿ ಡಾಟ್-ಸ್ಯಾಂಪಲ್ ಅಂತ ಇರುತ್ತದೆ. ಆ ಬಾಲ ತೆಗೆಯದೆ ಒಳಗೆ ಮಾತ್ರ ತಿದ್ದಿದರೆ ಅದು ಯಾವತ್ತೂ ಓಡುವುದಿಲ್ಲ. ಹೆಸರಿನ ಕೊನೆಗೆ ಡಾಟ್-ಎಸ್‌ಎಚ್ ಅಂಟಿಸಿದರೂ ಅದೇ ಕಥೆ. ಮ್ಯಾಕ್, ಲಿನಕ್ಸ್‌ನಲ್ಲಿ ಓಡಿಸುವ ಅನುಮತಿ ಕೊಟ್ಟಿರಬೇಕು. ಕೊಡದಿದ್ದರೆ ಗಿಟ್ ಒಂದು ಸೂಚನೆ ಹಾಕಿ ಮುಂದೆ ಹೋಗುತ್ತದೆ, ಆ ಸೂಚನೆ ಯಾರು ಓದುತ್ತಾರೆ! ವಿಂಡೋಸ್‌ನಲ್ಲಿ ಉಳಿಸಿದ ಫೈಲಾದರೆ ಸಾಲಿನ ಕೊನೆಯ ಗುರುತು ಬೇರೆ ಇರುತ್ತದೆ. ಅದನ್ನು ಲಿನಕ್ಸ್‌ಗೆ ಕೊಟ್ಟರೆ ‘ಇಂಥ ಇಂಟರ್‌ಪ್ರಿಟರ್ ಇಲ್ಲ’ ಅನ್ನುತ್ತದೆ.

ಇದಕ್ಕೆಲ್ಲ ಒಂದೇ ಮದ್ದು: ಹುಕ್ ಫೈಲನ್ನು ವಾಟ್ಸ್ಯಾಪ್‌ನಲ್ಲಿ ಹಂಚಬೇಡಿ, ರಿಪೊ ಒಳಗೇ ಒಂದು ಫೋಲ್ಡರ್ ಮಾಡಿ ಅಲ್ಲಿಡಿ. 2016ರಲ್ಲಿ ಬಂದ ಗಿಟ್ 2.9ರಿಂದ ‘ಕೋರ್ ಹುಕ್ಸ್‌ಪಾತ್’ ಅನ್ನುವ ಸೆಟಿಂಗ್ ಇದೆ. ಹುಕ್‌ಗಳು ಇಲ್ಲಿವೆ ಅಂತ ಗಿಟ್‌ಗೆ ತೋರಿಸುತ್ತದೆ. ಪ್ರತಿಯೊಬ್ಬರೂ ಒಂದು ಸಲ ಸೆಟ್ ಮಾಡಬೇಕು. ಆಮೇಲೆ ನೀವು ಹುಕ್ ತಿದ್ದಿದರೆ ಪುಲ್ ಮಾಡಿದವರಿಗೆಲ್ಲ (ಹೊಸ ಬದಲಾವಣೆ ಇಳಿಸಿಕೊಂಡವರಿಗೆಲ್ಲ) ತಾನಾಗಿ ಬರುತ್ತದೆ. ನೋಡ್ (ಜಾವಾಸ್ಕ್ರಿಪ್ಟ್) ಪ್ರಾಜೆಕ್ಟ್ ಆದರೆ ಹಸ್ಕಿ ಅನ್ನುವ ಟೂಲ್ ಪ್ಯಾಕೇಜ್ ಹಾಕುವಾಗಲೇ ಇದನ್ನು ಮಾಡಿಬಿಡುತ್ತದೆ. ಪೈಥಾನ್ ಕಡೆಯವರು ಬಳಸುವ ಪ್ರೀ-ಕಮಿಟ್ ಟೂಲ್‌ನಲ್ಲಿ ಒಂದು ಬಲೆ ಇದೆ. ಸುಮ್ನೆ ಇನ್‌ಸ್ಟಾಲ್ ಅಂದರೆ ಪ್ರೀ-ಕಮಿಟ್ ಹುಕ್ ಮಾತ್ರ ಕೂರುತ್ತದೆ. ಮೆಸೇಜ್ ನೋಡುವ ಹುಕ್ ಬೇಕಾದರೆ ಅದರ ಹೆಸರು ಬೇರೆಯಾಗಿ ಹೇಳಬೇಕು. ಇದು ಗೊತ್ತಾಗದೆ ‘ಹಾಕಿದ್ದೇವೆ, ಓಡುತ್ತಿದೆ’ ಅಂತ ತಿಂಗಳುಗಟ್ಟಲೆ ನೆಮ್ಮದಿಯಾಗಿದ್ದ ತಂಡವನ್ನು ನಾನು ನೋಡಿದ್ದೇನೆ.

ಈಗ ನೋ-ವೆರಿಫೈ. ಆ ಹುಡುಗನಿಗೆ ಬೈಯಬೇಡಿ. ಲೋಕಲ್ ಹುಕ್ ಇರುವುದು ಬರೆಯುವವರ ಸಹಾಯಕ್ಕೆ, ಅವರನ್ನು ಹಿಡಿಯುವುದಕ್ಕೆ ಅಲ್ಲ. ತಪ್ಪಿಸಿಕೊಳ್ಳುವ ದಾರಿ ಗಿಟ್‌ನವರೇ ಇಟ್ಟಿದ್ದಾರೆ, ಇರಲೂಬೇಕು. ರಾತ್ರಿ ವರ್ತಕರ ಸರ್ವರ್ ನಿಂತಾಗ ಹುಕ್‌ನಲ್ಲೇ ಏನೋ ಕೆಟ್ಟಿದ್ದರೆ ಅವನು ಏನು ಮಾಡಬೇಕು? ನಿಮ್ಮ ಗಿರಾಕಿಗಳ ಮಾತಿನಲ್ಲೇ ಹೇಳುವುದಾದರೆ, ಕೊಬ್ಬರಿ ಚೀಲವನ್ನು ರೈತರು ಮನೆಯಲ್ಲಿ ಒಮ್ಮೆ ತೂಗಿಯೇ ಗಾಡಿಗೆ ಹಾಕುತ್ತಾರೆ. ದುಡ್ಡು ಎಣಿಸುವುದು ಮಾತ್ರ ಮಾರುಕಟ್ಟೆಯ ತಕ್ಕಡಿ ಹೇಳಿದ್ದಕ್ಕೆ. ಮನೆ ತಕ್ಕಡಿ ಲೋಕಲ್ ಹುಕ್. ನಿಮಗೆ ಇನ್ನೂ ಮಾರುಕಟ್ಟೆ ತಕ್ಕಡಿಯೇ ಇಲ್ಲ.

ಅದನ್ನು ಎಲ್ಲಿಡಬೇಕು ಅನ್ನುವುದು ನಿಮ್ಮ ಕೋಡ್ ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಆಫೀಸಿನದೇ ಸರ್ವರ್ ಇದ್ದರೆ ಅಲ್ಲಿ ಪ್ರೀ-ರಿಸೀವ್ ಹುಕ್ ಹಾಕಬಹುದು. ಪುಶ್, ಅಂದರೆ ಸರ್ವರ್‌ಗೆ ಕಳಿಸಿದ ಕಮಿಟ್‌ಗಳು, ಒಳಗೆ ಬರುವ ಮುಂಚೆಯೇ ಅದು ನೋಡುತ್ತದೆ, ನೋ-ವೆರಿಫೈ ಅದರ ಹತ್ತಿರ ನಡೆಯುವುದಿಲ್ಲ. ಆದರೆ ಅಪಾಯವೂ ಜಾಸ್ತಿ. ಒಂದು ಕಮಿಟ್ ತಪ್ಪಿದ್ದರೂ ಇಡೀ ಪುಶ್ ವಾಪಸ್. ಮೂರು ದಿನದ ಹನ್ನೆರಡು ಕಮಿಟ್ ಕೂಡಿಸಿಟ್ಟವರು ನಾಲ್ಕನೆಯದರ ಮೆಸೇಜ್ ತಿದ್ದಲು ಇಂಟರಾಕ್ಟಿವ್ ರಿಬೇಸ್ ಮಾಡಬೇಕು, ಅಂದರೆ ಆ ಕಮಿಟ್‌ಗಳನ್ನು ಹೊಸದಾಗಿ ಜೋಡಿಸಬೇಕು. ಹೊಸಬರಿಗೆ ಅದು ಸಲೀಸಲ್ಲ. ಮತ್ತೊಂದು, ಹೊಸ ಬ್ರಾಂಚ್ (ಕೋಡ್‌ನ ಕವಲು) ಬಂದಾಗ ಹಳೆಯ ಕಮಿಟ್‌ನ ಜಾಗದಲ್ಲಿ ಹುಕ್‌ಗೆ ಬರೀ ಸೊನ್ನೆಗಳು ಬರುತ್ತವೆ. ಅದನ್ನು ನೋಡಿಕೊಳ್ಳದ ಸ್ಕ್ರಿಪ್ಟ್ ಪ್ರತಿ ಹೊಸ ಬ್ರಾಂಚ್‌ಗೂ ಎಡವುತ್ತದೆ.

ಗಿಟ್‌ಹಬ್ ಕ್ಲೌಡ್‌ನಲ್ಲಿದ್ದರೆ ನಿಮ್ಮದೇ ಪ್ರೀ-ರಿಸೀವ್ ಹುಕ್ ಹಾಕಲು ಬರುವುದಿಲ್ಲ. ಗಿಟ್‌ಲ್ಯಾಬ್‌ನಲ್ಲಿ ಪುಶ್ ರೂಲ್ಸ್ ಅಂತ ಇದೆ, ಅದಕ್ಕೆ ದುಡ್ಡು ಕೊಡುವ ಪ್ಲಾನ್ ಬೇಕು. ಸಣ್ಣ ತಂಡಕ್ಕೆ ಉಳಿಯುವುದು ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಮೇಲೆ ಸಿಐ ತಪಾಸಣೆ, ಅಂದರೆ ಸರ್ವರ್‌ನಲ್ಲಿ ತಾನಾಗಿ ಓಡುವ ಪರೀಕ್ಷೆ. ಅದು ಪಾಸ್ ಆಗದೆ ಮುಖ್ಯ ಬ್ರಾಂಚ್‌ಗೆ ಮರ್ಜ್ ಆಗದ (ಸೇರದ) ಹಾಗೆ ಬೀಗ ಹಾಕುವುದು. ಖಾಸಗಿ ರಿಪೊಗೆ ಆ ಬೀಗ ನಿಮ್ಮ ಪ್ಲಾನ್‌ನಲ್ಲಿ ಸಿಗುತ್ತದಾ ಅಂತ ಮೊದಲು ನೋಡಿ. ಸಿಗದಿದ್ದರೂ ಕೆಂಪು ಗುರುತು ಕಾಣುತ್ತದಲ್ಲ, ಏಳು ಜನರ ತಂಡಕ್ಕೆ ಅಷ್ಟೇ ಸಾಕಾಗಬಹುದು. ಸಿಐ ಹಾಕುವಾಗ ಒಂದು ಎಚ್ಚರ: ಗಿಟ್‌ಹಬ್‌ನ ಸಿಐ ಸೌಲಭ್ಯವಾದ ಆಕ್ಷನ್ಸ್‌ನ ಚೆಕ್‌ಔಟ್ ಹೆಜ್ಜೆ ಮಾಮೂಲಿಯಾಗಿ ಕೊನೆಯ ಒಂದೇ ಕಮಿಟ್ ತರುತ್ತದೆ. ಪೂರ್ತಿ ಇತಿಹಾಸ ತರಲು ಹೇಳದಿದ್ದರೆ ಹಿಂದಿನ ಕಮಿಟ್‌ಗಳನ್ನು ತಪಾಸಣೆ ನೋಡುವುದೇ ಇಲ್ಲ, ಇಲ್ಲವೇ ‘ಅಂಥ ಕಮಿಟ್ ಇಲ್ಲ’ ಅಂತ ಬೀಳುತ್ತದೆ.

ಇಷ್ಟೆಲ್ಲ ಮಾಡುವ ಮುಂಚೆ ನಿಮಗೆ ನನ್ನದೊಂದು ಪ್ರಶ್ನೆ, ಪತ್ರದಲ್ಲಿ ನೀವು ಇದನ್ನು ಬರೆದಿಲ್ಲ. ಮರ್ಜ್ ಮಾಡುವಾಗ ನೀವು ಸ್ಕ್ವಾಶ್ ಮಾಡುತ್ತೀರಾ? ಹೌದಾದರೆ ಪ್ರತಿ ಕಮಿಟ್‌ನ ಮೆಸೇಜ್ ತಪಾಸಣೆ ಬಹುಪಾಲು ವ್ಯರ್ಥ. ಸ್ಕ್ವಾಶ್ ಅಂದರೆ ಪುಲ್ ರಿಕ್ವೆಸ್ಟ್‌ನ ಎಲ್ಲ ಕಮಿಟ್ ಕರಗಿ ಒಂದಾಗುತ್ತವೆ. ಒಂದಕ್ಕಿಂತ ಜಾಸ್ತಿ ಕಮಿಟ್ ಇದ್ದಾಗ ಗಿಟ್‌ಹಬ್ ಮಾಮೂಲಿಯಾಗಿ ಪುಲ್ ರಿಕ್ವೆಸ್ಟ್‌ನ ಶೀರ್ಷಿಕೆಯನ್ನೇ ಮೊದಲ ಸಾಲು ಮಾಡುತ್ತದೆ. ಇತಿಹಾಸದಲ್ಲಿ ಉಳಿಯುವುದು ಅದು. ಹಾಗಿದ್ದರೆ ಆ ಶೀರ್ಷಿಕೆಯನ್ನು ಮಾತ್ರ ತಪಾಸಣೆ ಮಾಡಿ. ಹುಡುಗರು ಒಳಗೊಳಗೆ ‘ಫೈನಲ್ 2’ ಅಂತ ಎಷ್ಟು ಬೇಕಾದರೂ ಬರೆದುಕೊಳ್ಳಲಿ, ಯಾರಿಗೂ ತೊಂದರೆ ಇಲ್ಲ. ನಿಮ್ಮಂಥ ತಂಡಕ್ಕೆ ನಾನು ಹೇಳುವ ಮೊದಲ ದಾರಿ ಇದೇ. ಶೀರ್ಷಿಕೆ ತಿದ್ದುವುದು ಬ್ರೌಸರ್‌ನಲ್ಲಿ ಹತ್ತು ಸೆಕೆಂಡಿನ ಕೆಲಸ, ರಿಬೇಸ್ ಗೋಜೇ ಇಲ್ಲ.

ಇನ್ನು ಏನನ್ನು ತಪಾಸಣೆ ಮಾಡಬೇಕು? ಇಲ್ಲಿ ನನ್ನದೇ ಒಂದು ಮೂರ್ಖತನ ಹೇಳಿಬಿಡುತ್ತೇನೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಂಪನಿಯಲ್ಲಿ ಮೆಸೇಜ್ ಕನಿಷ್ಠ 40 ಅಕ್ಷರ ಇರಲೇಬೇಕು ಅಂತ ನಿಯಮ ಹಾಕಿದೆ. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನದಿಂದ ಇಂಗ್ಲಿಷಿನ ಮೂರಕ್ಷರದ ‘ಫಿಕ್ಸ್’, ಒಂದು ಖಾಲಿ ಜಾಗ, ಮುಂದೆ ಮೂವತ್ತಾರು ಚುಕ್ಕಿ. ಒಬ್ಬರು ಎಣಿಸಿ ಸರಿಯಾಗಿ ಮೂವತ್ತಾರೇ ಹಾಕಿದ್ದರು, ಒಂದೂ ಜಾಸ್ತಿ ಇಲ್ಲ! ಯಂತ್ರ ಆಕಾರ ನೋಡುತ್ತದೆ, ಅರ್ಥ ನೋಡುವುದಿಲ್ಲ. ನಿಮ್ಮ ಕೋಡ್‌ನಲ್ಲಿ ಚೀಲದ ತೂಕ ಕಳೆಯುವ ಒಂದು ಸಾಲು ಇರುತ್ತದೆ. ನಾಳೆ ವರ್ತಕರೊಬ್ಬರು ‘ಕ್ವಿಂಟಾಲ್ ಲೆಕ್ಕದಲ್ಲಿ ವ್ಯತ್ಯಾಸ ಬರುತ್ತಿದೆ’ ಅಂತ ಫೋನ್ ಮಾಡುತ್ತಾರೆ. ಪ್ರತಿ ಸಾಲನ್ನು ಕೊನೆಗೆ ಬದಲಿಸಿದ ಕಮಿಟ್ ಯಾವುದು ಅಂತ ತೋರಿಸುವ ಗಿಟ್ ಬ್ಲೇಮ್ ಹಾಕುತ್ತೀರಿ. ಆ ಸಾಲಿನ ಎದುರು ‘ತೂಕದ ಲೆಕ್ಕ ಬದಲಾವಣೆ’ ಅಂತ ಸಿಕ್ಕಿದರೆ ಎಲ್ಲ ನಿಯಮವೂ ಪಾಸ್, ಉಪಯೋಗ ಏನೂ ಇಲ್ಲ. ಬದಲಾಗಿದೆ ಅಂತ ಕೋಡ್ ನೋಡಿದರೇ ಗೊತ್ತಾಗುತ್ತದೆ. ‘ಚೀಲದ ತೂಕವನ್ನು ಒಟ್ಟು ಮೊತ್ತದಿಂದ ಅಲ್ಲ, ಪ್ರತಿ ಚೀಲದಿಂದ ಕಳೆ’ ಅಂತಿದ್ದು, ಕೆಳಗೆ ‘ಅರ್ಧ ಚೀಲ ಬಂದಾಗ ಲೆಕ್ಕ ತಪ್ಪುತ್ತಿತ್ತು’ ಅಂತ ಒಂದು ಸಾಲು ಇದ್ದರೆ ಫೋನ್ ಇಡುವ ಮುಂಚೆ ಉತ್ತರ ಸಿಗುತ್ತದೆ. ಈ ವ್ಯತ್ಯಾಸವನ್ನು ಹಿಡಿಯುವುದು ಕೋಡ್ ರಿವ್ಯೂ ಮಾಡುವ ಮನುಷ್ಯ ಮಾತ್ರ. ರಿವ್ಯೂನಲ್ಲಿ ‘ಯಾಕೆ ಅಂತ ಬರೆದಿಲ್ಲವಲ್ಲ’ ಅಂತ ಕೇಳುವ ಹಕ್ಕು ಎಲ್ಲರಿಗೂ ಕೊಡಿ.

ಯಂತ್ರಕ್ಕೆ ನಾನು ಬಿಡುವುದು ನಾಲ್ಕೇ ಕೆಲಸ. ಮೊದಲ ಸಾಲು 72ರೊಳಗಿದೆಯಾ, ಎರಡನೆಯದು ಖಾಲಿ ಇದೆಯಾ, ಟಿಕೆಟ್ (ಕೆಲಸದ ಅಥವಾ ದೂರಿನ ದಾಖಲೆ) ನಂಬರ್ ಎಲ್ಲಾದರೂ ಇದೆಯಾ, ಮತ್ತು ಮೆಸೇಜ್ ‘ಫಿಕ್ಸ್’, ‘ಫೈನಲ್’, ‘ಟೆಸ್ಟ್’ ಇಂಥ ಒಂಟಿ ಪದವಾ. ಗಿಟ್ ತಾನೇ ಬರೆಯುವ ಮರ್ಜ್, ರಿವರ್ಟ್ (ಬದಲಾವಣೆ ರದ್ದು ಮಾಡುವ) ಮೆಸೇಜ್‌ಗಳನ್ನು ಹುಕ್ ಮುಟ್ಟಬಾರದು. ಫಿಕ್ಸಪ್, ಸ್ಕ್ವಾಶ್ ಅಂತ ಶುರುವಾಗುವ ತಾತ್ಕಾಲಿಕ ಕಮಿಟ್‌ಗಳನ್ನು ಲೋಕಲ್‌ನಲ್ಲಿ ಬಿಡಬೇಕು, ಮರ್ಜ್ ಹೊತ್ತಿಗೆ ಮಾತ್ರ ಹಿಡಿಯಬೇಕು.

ಟಿಕೆಟ್ ನಂಬರ್ ಅಂದೆನಲ್ಲ, ಅದರಲ್ಲಿ ಒಂದು ಕಳ್ಳ ಗುಂಡಿ ಇದೆ. ಸಾಲಿನ ಶುರುವಿಗೇ #142 ಅಂತ ಬರೆದರೆ, ಎಡಿಟರ್‌ನಲ್ಲಿ ಬರೆದ ಮೆಸೇಜ್ ಆದರೆ, ಗಿಟ್ ಆ ಇಡೀ ಸಾಲನ್ನು ಕಾಮೆಂಟ್ ಅಂತ ತಿಳಿದು ಅಳಿಸಿಬಿಡುತ್ತದೆ. ಕಮಾಂಡ್ ಸಾಲಿನಲ್ಲೇ ಮೆಸೇಜ್ ಕೊಟ್ಟರೆ ಉಳಿಯುತ್ತದೆ. ಆಮೇಲೆ ಯಾರಾದರೂ ಎಡಿಟರ್ ತೆರೆದು ಅಮೆಂಡ್ ಮಾಡಿದರೆ (ಕೊನೆಯ ಕಮಿಟ್ ತಿದ್ದಿದರೆ) ಆಗ ಮಾಯ. ನಂಬರನ್ನು ಸಾಲಿನ ಕೊನೆಗೆ ಹಾಕುವ ರೂಢಿ ಮಾಡಿ. ಇದೇ ಕಾರಣಕ್ಕೆ ಹುಕ್ ಕೂಡ ಹ್ಯಾಶ್ ಗುರುತಿನ ಸಾಲುಗಳನ್ನು ಬಿಟ್ಟು ಓದಬೇಕು. ಎಡಿಟರ್‌ನಲ್ಲಿ ಗಿಟ್ ತೋರಿಸುವ ಸೂಚನೆಯ ಸಾಲುಗಳು ಹುಕ್ ಓದುವ ಫೈಲಿನಲ್ಲಿ ಇನ್ನೂ ಇರುತ್ತವೆ.

ನಿಮ್ಮ ಗೆಳೆಯರ ಮಾತು. ಕನ್ವೆನ್ಷನಲ್ ಕಮಿಟ್ಸ್ ಕೆಟ್ಟದ್ದಲ್ಲ. ಆಂಗ್ಯುಲರ್ ಅನ್ನುವ ವೆಬ್ ಫ್ರೇಮ್‌ವರ್ಕ್‌ನ ತಂಡದ ರೂಢಿಯಿಂದ ಬೆಳೆದ ಪದ್ಧತಿ. ಫಿಕ್ಸ್ ಅಂದರೆ ವರ್ಷನ್‌ನ ಕೊನೆಯ ಅಂಕಿ ಏರುತ್ತದೆ, ಫೀಟ್ (ಹೊಸ ಸೌಲಭ್ಯ) ಅಂದರೆ ನಡುವಿನದು, ಹಳೆಯದನ್ನು ಮುರಿಯುವ ಬದಲಾವಣೆ ಅಂದರೆ ಮೊದಲನೆಯದು. ಇದನ್ನು ಓದಿ ತಾನಾಗಿ ವರ್ಷನ್ ಹಾಕುವ, ಬದಲಾವಣೆ ಪಟ್ಟಿ ಬರೆಯುವ ಟೂಲ್ ಇದ್ದಾಗ ಅದಕ್ಕೆ ಬೆಲೆ. ಬೇರೆಯವರು ಬಳಸುವ ಲೈಬ್ರರಿ ಬರೆಯುವವರಿಗೆ ಅದು ವರ. ನೀವು ವರ್ತಕರಿಗೆ ಒಂದು ಸಾಫ್ಟ್‌ವೇರ್ ಕೊಡುತ್ತೀರಿ. ಅವರು ವರ್ಷನ್ ನಂಬರ್ ಕೇಳುವುದಿಲ್ಲ, ರೇಟ್ ಸರಿ ಬಂತಾ ಅಂತ ಕೇಳುತ್ತಾರೆ. ಹಾಗಾಗಿ ನಿಮಗೆ ಅದು ಈಗ ಬೇಡ ಅನ್ನುವುದು ನನ್ನ ಅಭಿಪ್ರಾಯ. ಹಾಕಿದರೆ ಏನಾಗುತ್ತದೆ ಗೊತ್ತಾ? ‘ಚೋರ್’ ಅನ್ನುವ ಚಿಲ್ಲರೆ ಕೆಲಸಗಳ ವಿಭಾಗ ಕಸದ ಬುಟ್ಟಿಯಾಗುತ್ತದೆ, ಎಲ್ಲರೂ ಎಲ್ಲವನ್ನೂ ಅಲ್ಲೇ ಹಾಕುತ್ತಾರೆ. ಮುಂದೆ ಯಾವತ್ತಾದರೂ ಕಮಿಟ್‌ಲಿಂಟ್ ಅನ್ನುವ ಮೆಸೇಜ್ ತಪಾಸಣೆ ಟೂಲ್ ಬಳಸಿದರೆ ದೊಡ್ಡಕ್ಷರ-ಸಣ್ಣಕ್ಷರದ ರೂಲ್ ಆಫ್ ಮಾಡಿ, ಕನ್ನಡದಲ್ಲಿ ಅಂಥದ್ದಿಲ್ಲ. ಅದು ಜಾವಾಸ್ಕ್ರಿಪ್ಟ್ ಟೂಲ್ ಆದ್ದರಿಂದ ನಿಮ್ಮ ಕೊಬ್ಬರಿ ಸಾಲನ್ನು 21 ಅಂತಲೇ ಎಣಿಸುತ್ತದೆ. ಅದರ ಕನ್ವೆನ್ಷನಲ್ ಸೆಟ್‌ನಲ್ಲಿ ಮೊದಲ ಸಾಲಿನ ಮಿತಿ 100.

‘ಸರಿಪಡಿಸಿದೆ’ ಅಂತ ಬರೆಯಬಾರದು, ಆಜ್ಞೆಯ ರೂಪದಲ್ಲೇ ಬರೆಯಬೇಕು ಅಂತಲೂ ಯಾರಾದರೂ ಹೇಳಬಹುದು. ಅದು ಇಂಗ್ಲಿಷ್ ಮೆಸೇಜ್‌ಗಳ ರೂಢಿ. ಗಿಟ್ ತಾನು ಬರೆಯುವ ಮರ್ಜ್, ರಿವರ್ಟ್ ಸಾಲುಗಳಿಗೆ ಹೊಂದಲಿ ಅಂತ ಬಂದಿದ್ದು. ಕನ್ನಡದಲ್ಲಿ ‘ಸರಿಪಡಿಸಿದೆ’ ಅಂದರೆ ಯಾರಿಗೂ ಅರ್ಥವಾಗದೆ ಇರುವುದಿಲ್ಲ, ಬಿಡಿ.

ಹಳೆಯ ಮೆಸೇಜ್ ತಿದ್ದುವುದು ಮಾತ್ರ ಖಂಡಿತ ಬೇಡ. ಕಮಿಟ್‌ನ ಗುರುತು, ಆ ನಲವತ್ತು ಅಂಕಿ-ಅಕ್ಷರದ ಸಾಲು, ಮೆಸೇಜನ್ನೂ ಸೇರಿಸಿ ಲೆಕ್ಕ ಹಾಕಿದ್ದು. ಮೆಸೇಜ್‌ನಲ್ಲಿ ಒಂದು ಚುಕ್ಕಿ ಬದಲಾದರೂ ಗುರುತು ಬದಲಾಗುತ್ತದೆ. ಪ್ರತಿ ಕಮಿಟ್ ಒಳಗೂ ಅದರ ಹಿಂದಿನದರ ಗುರುತು ಇರುತ್ತದೆ, ಹಾಗಾಗಿ ಅಲ್ಲಿಂದ ಮುಂದಿನವೆಲ್ಲ ಬದಲಾಗುತ್ತವೆ. ಏಳೂ ಜನರ ಕ್ಲೋನ್ ಹಳೆಯ ಇತಿಹಾಸದಲ್ಲೇ ಇರುತ್ತದೆ. ಯಾರೋ ಒಬ್ಬರು ಗೊತ್ತಿಲ್ಲದೆ ಪುಲ್ ಮಾಡಿ ಪುಶ್ ಮಾಡಿದರೆ ಪ್ರತಿ ಕಮಿಟ್‌ಗೂ ಎರಡೆರಡು ಪ್ರತಿ. ಟಿಕೆಟ್‌ಗಳಲ್ಲಿ ಬರೆದಿಟ್ಟ ಹಳೆಯ ಗುರುತುಗಳೆಲ್ಲ ಸುಳ್ಳಾಗುತ್ತವೆ. ಯಾವುದೋ ಹಳೆಯ ‘ಫಿಕ್ಸ್’ಗೆ ನಿಜವಾಗಿಯೂ ವಿವರಣೆ ಬೇಕು ಅನ್ನಿಸಿದರೆ ಗಿಟ್ ನೋಟ್ಸ್ ಇದೆ. ಕಮಿಟ್ ಮುಟ್ಟದೆ ಪಕ್ಕದಲ್ಲಿ ಟಿಪ್ಪಣಿ ಅಂಟಿಸಬಹುದು. ಆದರೆ ಅದನ್ನು ಬೇರೆಯಾಗಿಯೇ ಪುಶ್ ಮಾಡಬೇಕು, ಮಾಮೂಲಿ ಪುಶ್‌ನಲ್ಲಿ ಹೋಗುವುದಿಲ್ಲ.

ಈ ವಾರ ಇಷ್ಟು ಮಾಡಿ. ಮೊದಲು ಆ ಉಬುಂಟು ಲ್ಯಾಪ್‌ಟಾಪ್‌ನಲ್ಲೇ ಕೂತು ಹುಕ್ ತಿದ್ದಿ. ‘ಕೊಬ್ಬರಿ ದರ ಸರಿಪಡಿಸಿದೆ’ ಅನ್ನುವುದನ್ನೇ ಪರೀಕ್ಷೆಯ ಸಾಲು ಮಾಡಿಕೊಳ್ಳಿ. ಎಲ್ಲರ ಮಷಿನ್‌ನಲ್ಲೂ 21 ಬರಬೇಕು. ಬಂದ ಮೇಲೆ ಹುಕ್‌ನ ಹೊಸ ಪ್ರತಿಯನ್ನು ರಿಪೊಗೆ ಸೇರಿಸಿ. ಒಂದು ವಾರ ಅದು ಎಚ್ಚರಿಕೆ ಮಾತ್ರ ಕೊಡಲಿ, ತಡೆಯುವುದು ಬೇಡ. ಆ ವಾರ ಯಾವ ನಿಯಮಕ್ಕೆ ಎಷ್ಟು ಜನ ಸಿಕ್ಕಿಬಿದ್ದರು ಅಂತ ನೋಡಿ. ಒಂದೇ ನಿಯಮಕ್ಕೆ ಎಲ್ಲರೂ ಬೀಳುತ್ತಿದ್ದರೆ ಆ ನಿಯಮವನ್ನೇ ತೆಗೆಯಿರಿ. ಸಿಐ ಬೀಗ ಹಾಕುವುದು ಅದಾದ ಮೇಲೆ. ನೋ-ವೆರಿಫೈ ಹುಡುಗನಿಗೇ ಎರರ್ ಮೆಸೇಜ್ ಬರೆಯುವ ಕೆಲಸ ಕೊಡಿ, ಅರ್ಧ ಪುಟ ಕಳೆದುಕೊಂಡವನು ಅವನು ತಾನೇ.